ಕಂಪನಿಯವರು ಉಳಿಸಿ ಕಳಿಸಿದ ದಮ್ಮು

ಮುಂಡರಗಿ ರಸ್ತೆಯ ದಾವಲಸಾಬ ಮಿಸ್ತ್ರಿ ಕಾರಿನ ಬಾನೆಟ್ ಎತ್ತುವುದೆಂದರೆ ಜ್ವರ ಬಂದು ಮಲಗಿದ ಬೀಗರ ಕೌದಿ ಸರಿಸಿದ ಹಾಗೆ, ಮೊದಲು "ಹೆಂಗದೀಯಪಾ?" ಎಂದು ಎಂಜಿನ್ನನ್ನೇ ವಿಚಾರಿಸುತ್ತಾನೆ, ಗಿರಾಕಿಯ ಮಾತು ಆಮೇಲೆ. ಹೊಸ ಕಾರು ತಂದು "ಚಾಚಾ, ಕಂಪನಿಯವರು ಇದರ ಜೋರು ಕಟ್ಟಿಹಾಕ್ಯಾರಂತ, ಸ್ವಲ್ಪ ಬಿಚ್ಚಿಬಿಡ್ರಿ" ಎನ್ನುವ ಹುಡುಗರಿಗೆ ಅವನಲ್ಲಿ ಚಹಾ ಸಿಗುತ್ತದೆ, ಜೊತೆಗೆ ಬೈಗುಳ: "ಲೇ, ಮಾಡಿದಾಂವ ಏನ್ ಹುಚ್ಚನ? ಸುಡು ಬಿಸಲಾಗ ಓಡಬೇಕು, ಎಂಥಾ ಪೆಟ್ರೋಲ್ ಹಾಕಿದ್ರೂ ಕುಡೀಬೇಕು, ನಿನ್ನಂಥಾಂವ ಹೊಡದ್ರೂ ಹತ್ತಾರು ವರ್ಷ ಬಾಳಬೇಕು. ಅದಕ್ಕ ಒಂದಿಷ್ಟು ದಮ್ಮು ಉಳಿಸಿ ಕಳಸ್ತಾರ!" ಅಳಿಯನಿಗೂ ಇದೇ ಪಾಠ, ಕಾರೇ ಇಲ್ಲದವರಿಗೂ ಇದೇ ಪಾಠ. ಆದರೆ ಮುಂಜಾನೆ ಸೈಕಲ್ ರೇಸಿನ ಹುಡುಗಿಯರು ತಲೆ ಬಗ್ಗಿಸಿ ಸರ್ರನೆ ಹಾಯ್ದುಹೋಗುವಾಗ ನಟ್ಟು ಬಿಗಿಯುತ್ತಿದ್ದ ಅವನ ಕೈಯ ಪಾನಾ ತಾನಾಗಿ ನಿಂತುಬಿಡುತ್ತದೆ. ಒಂದು ಕಾಲಕ್ಕೆ ಅವನೂ ರೇಸಿನವನೇ. ಕಡೆಯ ಪಂದ್ಯದಲ್ಲಿ ಮೈಯಲ್ಲಿದ್ದುದನ್ನೆಲ್ಲ ತುಳಿದು ಗೆದ್ದ, ಗೆದ್ದ ಗೆರೆಯ ಮೇಲೆಯೇ ಮೊಣಕಾಲು ಕೈಕೊಟ್ಟಿತು, ಮತ್ತೆ ಸೈಕಲ್ ಏರಲಿಲ್ಲ. ಮೊನ್ನೆ ನಾಷ್ಟಾ ತಂದ ಹೆಂಡತಿ ಖಾತುನಬಿ, ಅವನು ಆ ಕಾಲು ಒತ್ತಿಕೊಳ್ಳುತ್ತ ರಸ್ತೆ ನೋಡುವುದನ್ನು ಕಂಡು ಕೇಳಿದಳು: "ಆವತ್ತು ನೀವೂ ಒಂದಿಷ್ಟು ಹಿಡದಿಟ್ಟಿದ್ರ ಇನ್ನಷ್ಟು ವರ್ಷ ಸೈಕಲ್ ಹೊಡೀತಿದ್ರಿ, ಅಲ್ಲೇನ್ರಿ?" "ಖರೆ ಐತಿ" ಎಂದ. ಹುಡುಗಿಯರ ಸೈಕಲ್ಲುಗಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಮೆಲ್ಲಗೆ, "ಆದ್ರ ಆ ದಿನ ಮತ್ತ ಬಂದ್ರ, ಹಂಗ ತುಳೀತೀನಿ ನೋಡು" ಎಂದ.