ಯಾರೂ ಕೇಳದ ಅವರೆ ಬೀಜ

ನಮ್ಮ ಗಿಡದ ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಗೆ ಬರವಿಲ್ಲ. ಮಹಡಿಯ ಮೇಲೆ ಚೀಲ, ಬಕೆಟ್ಟು, ಒಡೆದ ಕೊಡ ಇಟ್ಟುಕೊಂಡು ಗಿಡ ಬೆಳೆಸುವ ಹೆಂಗಸರು ನಾವು. ತಮಿಳುನಾಡಿನ ಕಂಬಂನಿಂದ ದಿಂಡಿಗಲ್ಲಿನವರೆಗೆ ಹರಡಿಕೊಂಡಿದ್ದೇವೆ, ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಬೆಳಿಗ್ಗೆ ಫೋನ್ ತೆಗೆದರೆ ನಿಲಕ್ಕೋಟ್ಟೈಯವಳ ಗುಲಾಬಿ ಕಡ್ಡಿ ಚಿಗುರಿರುತ್ತದೆ, ಇನ್ನೊಬ್ಬಳ ಬದನೆ ಸಸಿಗೆ ಎರಡನೇ ಜೋಡಿ ಎಲೆ ಬಂದಿರುತ್ತದೆ. ಅದರ ಕೆಳಗೆ ಸಾಲಾಗಿ ಹೃದಯ, ಚಪ್ಪಾಳೆ, ‘ಸೂಪರ್ ಅಕ್ಕಾ’. ಸತ್ತ ಗಿಡದ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ. ನಾನೂ ಹಾಕಿದವಳಲ್ಲ.

ನನ್ನ ಸರದಿ ಬರುತ್ತಿದ್ದುದು ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ. ನನ್ನ ಅತ್ತೆಯಿಂದ ಬಂದ ಅವರೆ ಬೀಜ ಊರಿ, ಅದು ಮಣ್ಣು ಒಡೆದು ಗೂನು ಬೆನ್ನಿನಲ್ಲಿ ಮೇಲೆ ಬರುವಾಗ ಫೋಟೋ ತೆಗೆದು ಹಾಕುತ್ತಿದ್ದೆ. ಅದರ ದಂಟು ನೇರಳೆ, ಎಲೆಯ ನರ ನೇರಳೆ, ಕಾಯಿಯ ಅಂಚೂ ನೇರಳೆ. ಅಂಗಡಿಯ ಪೊಟ್ಟಣದ ಅವರೆಗೆ ಆ ಬಣ್ಣವೂ ಇಲ್ಲ, ಬೇಯುವಾಗ ಬರುವ ಆ ಘಮವೂ ಇಲ್ಲ. ಬೀಜವನ್ನು ಮೊದಲು ಯಾರು ತಂದರೆಂದು ಅತ್ತೆಗೂ ಗೊತ್ತಿರಲಿಲ್ಲ. ಅವರಿಗೆ ಅವರ ಅತ್ತೆ ಕೊಟ್ಟಿದ್ದು, ಅಷ್ಟೇ.

ಆ ಬೀಜ ಕೊಡುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ನಾವಾಗಿ ಕೊಡಬಾರದು. ಬೇಕಾದವರು ಬಂದು ಸೆರಗೊಡ್ಡಿ ಕೇಳಬೇಕು, ಆಗ ಇಲ್ಲ ಅನ್ನಬಾರದು. ಕೇಳದವರ ಕೈಗೆ ತುರುಕಿದರೆ ಬಳ್ಳಿ ಮುನಿಸಿಕೊಂಡು ಮನೆ ಬಿಡುತ್ತದೆ ಅನ್ನುತ್ತಿದ್ದರು ಅತ್ತೆ. ಮದುವೆಯಾಗಿ ಬಂದ ವರ್ಷ ನಾನೂ ಅವರ ಮುಂದೆ ಹಾಗೆಯೇ ಸೆರಗು ಹಿಡಿದು ನಿಂತಿದ್ದೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರಿಗೆ ಇದೆಂಥ ನಾಟಕ ಎಂದು ಒಳಗೊಳಗೇ ನಗು. ಆದರೆ ಸೆರಗಿಗೆ ಬೀಜ ಹಾಕುವಾಗ ಅವರ ಮುಖದಲ್ಲಿ ನಗುವಿರಲಿಲ್ಲ, ನಾನೂ ನಗು ನುಂಗಿ ಸೆರಗಿಗೆ ಗಂಟು ಹಾಕಿಕೊಂಡೆ.

ಹಾಗಾಗಿ ನಾನು ಫೋಟೋ ಹಾಕಿ ಕಾಯುತ್ತಿದ್ದೆ. ಯಾರಾದರೂ ಕೇಳಲಿ ಎಂದೇ ಹಾಕುತ್ತಿದ್ದೆ. ಮೊಳಕೆ ಎದ್ದಾಗ ಒಂದು, ಹೂ ಬಿಟ್ಟಾಗ ಒಂದು, ಒಣಗಿದ ಬೀಜವನ್ನು ಮೊರದಲ್ಲಿ ಹರಡಿ ಇನ್ನೊಂದು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಬಂದಿದ್ದೆಲ್ಲ ಹೃದಯ. ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ, ನೆಡುವುದಕ್ಕಾಗುತ್ತದೆಯೇ? ದಿಂಡಿಗಲ್ಲಿನಲ್ಲಿರುವ ಮಗಳೂ ಕೇಳಲಿಲ್ಲ. ಅವಳ ಬಾಲ್ಕನಿಯಲ್ಲಿ ಇರುವುದೆಲ್ಲ ತಿನ್ನಲು ಬಾರದ ಗಿಡ. ನಾನು ನಮ್ಮ ಮನೆಮಾತು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ಸಮಾಧಾನ ಹೇಳುತ್ತಾಳೆ.

ಗುಂಪಿನಲ್ಲಿ ಒಬ್ಬಳ ಮೇಲೆ ಮಾತ್ರ ನನಗೆ ಆಸೆಯಿತ್ತು. ಓಡೈಪಟ್ಟಿಯವಳು, ದ್ರಾಕ್ಷಿ ತೋಟದ ಮನೆಯ ಸೊಸೆ. ಒಮ್ಮೆ ಅವಳು ದನಿ ಮುದ್ರಿಸಿ ಕಳಿಸಿದ್ದಳು, ತಮಿಳಿನಲ್ಲಿ ಮಾತಾಡುತ್ತಿದ್ದವಳು ನಡುವೆ ಯಾರನ್ನೋ ಅಪ್ಪಟ ನಮ್ಮ ಕನ್ನಡದಲ್ಲಿ ಗದರಿದಳು. ಅವರ ಕುಲ ಬೇರೆ, ನಮ್ಮದು ಬೇರೆ, ಮಾತು ಒಂದೇ. ಆವತ್ತಿನಿಂದ ಅವಳು ನನ್ನವಳಾದಳು. ಅವರೆಯ ಫೋಟೋ ಹಾಕಿದ ಕೂಡಲೇ ಬರುತ್ತಿದ್ದುದು ಅವಳ ಪ್ರಶ್ನೆ. ಎಷ್ಟು ಆಳ ಊರಿದಿರಿ, ಇರುವೆ ಬಂತೇ, ಬಿಸಿಲು ಎಷ್ಟು ಬೇಕು. ಎಲ್ಲ ಕೇಳಿದಳು, ಬೀಜವೊಂದನ್ನು ಬಿಟ್ಟು. ಬಿಂಕದವಳು ಅಂದುಕೊಂಡೆ.

ಹೋದ ವರ್ಷ ನನ್ನ ಮೊಣಕಾಲಿನ ಆಪರೇಷನ್ ಆಯಿತು. ಮಗಳು ದಿಂಡಿಗಲ್ಲಿಗೆ ಕರೆದೊಯ್ದು ಇಟ್ಟುಕೊಂಡಳು, ಆಡಿ ಅಲ್ಲೇ ಕಳೆಯಿತು. ಇತ್ತ ಬೀಗ ಹಾಕಿದ ಮನೆಯಲ್ಲಿ, ಬೀಜ ಕಾಯಲೆಂದು ಮಡಕೆಗೆ ತುಂಬಿದ್ದ ಬೂದಿ ತೇವ ಕುಡಿದು ಮುದ್ದೆಯಾಗಿತ್ತು. ವಾಪಸು ಬಂದು ಮೊರಕ್ಕೆ ಸುರಿದರೆ ಕಾಳುಕಾಳಿಗೂ ತೂತು. ಹುಳ ಒಳಗನ್ನೆಲ್ಲ ತಿಂದು ಹಿಟ್ಟು ಮಾಡಿತ್ತು. ಆದರೂ ಒಂದನ್ನೂ ಬಿಡದೆ ಊರಿದೆ. ಕಾಲು ನೋವಿನಲ್ಲೇ ಮೆಟ್ಟಿಲು ಹತ್ತಿ ದಿನಾ ಮಣ್ಣು ನೋಡಿ ಬರುತ್ತಿದ್ದೆ. ಒಂದೂ ಏಳಲಿಲ್ಲ. ಗುಂಪಿನಲ್ಲಿ ಆಪರೇಷನ್ನಿನ ಸುದ್ದಿ ಹೇಳಿದ್ದೆನೇ ಹೊರತು ಈ ಮಾತು ಎತ್ತಲಿಲ್ಲ.

ಫೋಟೋ ಕಾಣದೆ ಇದ್ದುದಕ್ಕೇ ಇರಬೇಕು, ಓಡೈಪಟ್ಟಿಯವಳು ಕಂಬಂ ಬಸ್ಸು ಹತ್ತಿ ನನ್ನ ಕಾಲು ವಿಚಾರಿಸಲು ಬಂದಳು. ಚೀಲದ ತುಂಬ ತಮ್ಮ ತೋಟದ ಕಪ್ಪು ಪನ್ನೀರ್ ದ್ರಾಕ್ಷಿ ತಂದಿದ್ದಳು. ಕಾಫಿ ಕುಡಿಯುತ್ತ ತನ್ನ ಫೋನ್ ತೋರಿಸಿದಳು. ನನ್ನ ಅವರೆ ಸಸಿಗಳೆಲ್ಲ ಅಲ್ಲಿದ್ದವು, ನನ್ನ ಫೋನಿನಿಂದ ನಾನೇ ಅಳಿಸಿದ್ದವೂ ಇದ್ದವು. ಅವಳ ಅಜ್ಜಿಯ ಮನೆಯ ಚಪ್ಪರದಲ್ಲಿ ಇದೇ ನೇರಳೆ ಅವರೆ ಇತ್ತಂತೆ, ದ್ರಾಕ್ಷಿ ಹಾಕಿದಾಗ ಕಿತ್ತರಂತೆ.

ಇಷ್ಟು ಆಸೆ ಇಟ್ಟುಕೊಂಡು ಒಂದು ಮಾತು ಕೇಳುವುದಕ್ಕೇನಾಗಿತ್ತು ಎಂದು ರೇಗಿದೆ.

“ನಮ್ಮ ಮನೇಲಿ ಬೀಜ ಕೇಳೋ ಹಂಗಿಲ್ಲ ಅಕ್ಕಾ. ಕೇಳಿ ಇಸ್ಕೊಂಡ್ರೆ ಕೊಟ್ಟೋರ ಬೆಳೇನ ಕಿತ್ಕೊಂಡಂಗೆ ಅಂತಾರೆ. ಇದ್ದೋರೇ ಕರೆದು ಕೊಡ್ಬೇಕು. ನೀವು ಫೋಟೋ ಹಾಕ್ದಾಗೆಲ್ಲ, ಈ ಸಲ ಕರೀತಾರೆ, ಈ ಸಲ ಕರೀತಾರೆ ಅಂತಾನೇ ಇದ್ದೆ.”

ಇಷ್ಟು ವರ್ಷ ಅವಳು ಕೇಳಲೆಂದು ನಾನು, ನಾನು ಕರೆಯಲೆಂದು ಅವಳು. ನಮ್ಮ ಮನೆಯ ಕಟ್ಟಳೆ ಏನೆಂದು ಅವಳಿಗೆ ಹೇಳಿದೆ. ಮೊದಲು ಬೀಜದ ಗತಿ ಹೇಳಬೇಕಿತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಖ ಅರಳಿಸಿಕೊಂಡು ಎದ್ದು ನಿಂತಿದ್ದಳು. ಎರಡೂ ಕೈಯಲ್ಲಿ ಸೆರಗು ಹಿಡಿದು ನನ್ನ ಮುಂದೆ ಒಡ್ಡಿದಳು.

“ಹಂಗಾರೆ ಇವತ್ತು ಕೇಳ್ತೀನಿ ಅಕ್ಕಾ. ಹಿಡಿ ಬೇಡ, ಎರಡು ಕಾಳು ಸಾಕು.”

ನಾನು ಆ ಸೆರಗನ್ನೇ ನೋಡುತ್ತ ಕುಳಿತೆ. ಕಾಲು ನೋವಿಗೆ ನನಗೆ ಏಳಲಾಗುತ್ತಿಲ್ಲ ಅಂದುಕೊಂಡಳೋ ಏನೋ.

“ನೀವು ಏಳ್ಬೇಡಿ ಅಕ್ಕಾ,” ಅಂದಳು. “ಎಲ್ಲಿಟ್ಟಿದ್ದೀರಿ ಹೇಳಿ, ನಾನೇ ಎತ್ಕೋತೀನಿ.”