ರಾಜನಿಗೆ ತಿನ್ನಿಸಿದ ಒಣದ್ರಾಕ್ಷಿ

"ಸೇಬು ಕೊಡಿ, ಬೀಜ ತೆಗೀರಿ. ಒಣದ್ರಾಕ್ಷಿ ಮಾತ್ರ ಬೇಡ ಕಣ್ರೀ, ನಾಯಿ ಕಿಡ್ನಿ ಹೋಗ್ಬಿಡುತ್ತೆ" ಎಂದರು ತರೀಕೆರೆಯ ಪಶುವೈದ್ಯರು, ನಾನು ಹೊಸದಾಗಿ ತಂದ ನಾಯಿಮರಿಯನ್ನು ನೋಡಿ.

ನಾನು ಚಿಕ್ಕವಳಿದ್ದಾಗ ಅಜ್ಜಂಪುರದ ನಮ್ಮ ಮನೆಗೆ ಶ್ರಾವಣ ಸೋಮವಾರ ಮಠದಿಂದ ಬಾಳೆಹಣ್ಣಿನ ರಸಾಯನ ಬರುತ್ತಿತ್ತು, ಅದರ ತುಂಬಾ ಒಣದ್ರಾಕ್ಷಿ. ನನಗದು ಸೇರದು. "ಪ್ರಸಾದ ಚೆಲ್ಬಾರ್ದು ಕಣೇ" ಎನ್ನುತ್ತಿದ್ದಳು ಅಜ್ಜಿ. ಚೆಲ್ಲಲಿಲ್ಲ, ಒಂದು ಸಲ ಅಷ್ಟನ್ನೂ ಹೆಕ್ಕಿ ನಮ್ಮ ನಾಯಿ ರಾಜನಿಗೆ ತಿನ್ನಿಸಿದೆ. ಅವನು ನನ್ನ ಬೆರಳಿನ ಅಂಟನ್ನೂ ನೆಕ್ಕಿದ. ಮೂರೇ ದಿನಕ್ಕೆ ವಾಂತಿ ಮಾಡಿ ಮಾಡಿ ಸತ್ತ.

"ಹೂವಿನ ಗಿಡ ಕೆದರ್ತಾನೆ ಅಂತ ನೀನೇ ವಿಷ ಹಾಕ್ದೆ" ಎಂದು ಅಜ್ಜಿ ಪಕ್ಕದ ಮನೆಯ ಗಂಗಮ್ಮನ ಮೇಲೆ ಹರಿಹಾಯ್ದಳು. ಗಂಗಮ್ಮ ತೀರಿಕೊಂಡಾಗಲೂ ನಾವ್ಯಾರೂ ಆ ಹೊಸ್ತಿಲು ತುಳಿಯಲಿಲ್ಲ.

ಇವತ್ತು ಮರಿಗೆ ಕೊಡಲು ಸೇಬಿನ ಬೀಜ ತೆಗೆಯುತ್ತ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು, "ಇದ್ನ ಗಂಗಮ್ಮಂಗೆ ಈಗ ಯಾರ್ ಹೇಳ್ತಾರೆ ಕಣೇ?" ಎಂದಳು.