ನೂರಿಪ್ಪತ್ತು ಹಸಿರು ಗೆರೆ

ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಕೊಕ್ಕೆ ಎನ್ನುತ್ತಿದ್ದರು. ಆಸ್ಪತ್ರೆಗಳಲ್ಲಿ ಔಷಧಿ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಅದು ಹೊರಗೆ ಹೋಗುವ ಮೊದಲು ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ತಪ್ಪು ಕಂಡರೆ ಬರೆದವರಿಗೇ ವಾಪಸು ಕಳಿಸುವುದು ಆಕೆಯ ಕೆಲಸ. ಮಗುವಿನ ತೂಕ ಬರೆಯದೆ ಬಿಟ್ಟರೆ ಚೀಟಿಯಲ್ಲಿ ಏನು ಬರುತ್ತದೆ, ತೂಕದ ಜಾಗದಲ್ಲಿ ಹೆಸರು ಬರೆದರೆ ಏನು, ಗುಂಡಿಯನ್ನು ಎರಡು ಸಲ ಒತ್ತಿದರೆ ಏನು ಎಂದು ಹನ್ನೊಂದು ವರ್ಷ ಒತ್ತಿದ್ದಳು. ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆ.

“ಗುಂಡಿ ಒತ್ತೋಕೂ ಸಂಬಳ ಕೊಡ್ತಾರಂತೆ. ನಮ್ಮ ಕಾಲದಲ್ಲಿ ಲಿಫ್ಟಿನವನಿಗೆ ಮಾತ್ರ ಕೊಡ್ತಿದ್ರು.”

ಒಂದು ಸೋಮವಾರ ಮ್ಯಾನೇಜರು ಕರೆದರು. “ಇನ್ನು ಕೈಯಲ್ಲಿ ಒತ್ತೋದೆಲ್ಲ ಬೇಡ. ಓಪನ್ ಸೋರ್ಸ್ ಟೆಸ್ಟಿಂಗ್ ಫ್ರೇಮ್‌ವರ್ಕ್ ಇದೆ, ಪುಕ್ಕಟೆ. ನೀವು ಸ್ಕ್ರಿಪ್ಟ್ ಬರೆದಿಟ್ರೆ ಅದೇ ಒತ್ತುತ್ತೆ, ಅದೇ ನೋಡುತ್ತೆ. ನಿಮ್ಮ ನೂರಿಪ್ಪತ್ತು ಟೆಸ್ಟೂ ಒಂದು ತಿಂಗಳಲ್ಲಿ ಅದಕ್ಕೆ ಬರಬೇಕು.”

“ಆಗದಿದ್ರೆ ಸಾರ್?”

“ಬರೆಯೋಕೆ ಬರೋರನ್ನ ಕರೆಸ್ತೀವಿ.”

ಆಕೆಗೆ ನಲವತ್ತೆರಡು. ಈ ಕುರ್ಚಿ ಬಿಟ್ಟರೆ ಇನ್ನೊಂದು ಕುರ್ಚಿ ಎಲ್ಲಿದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಇನ್‌ಸ್ಟಾಲ್ ಮಾಡುವುದಕ್ಕೇ ನಾಲ್ಕು ದಿನ ಹಿಡಿಯಿತು. ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಕೆಂಪು ಅಕ್ಷರಗಳು ಸುರಿಯುತ್ತಿದ್ದವು. ಅದಿಲ್ಲ ಎಂದಿತು, ಅದನ್ನು ತಂದಳು. ತಂದದ್ದು ಹಳೆಯದಾಯಿತು ಎಂದಿತು, ಹೊಸದನ್ನು ತಂದಳು. ಹೊಸದಕ್ಕೂ ಬ್ರೌಸರಿಗೂ ಹೊಂದುವುದಿಲ್ಲ ಎಂದಿತು. ಹಗ್ಗ ತಂದರೆ ಕೊಡವಿಲ್ಲ, ಕೊಡ ತಂದರೆ ಬಾವಿಯೇ ಇಲ್ಲ. ಅದರ ಜೊತೆ ಬಂದ ಇಂಗ್ಲಿಷ್ ಕೈಪಿಡಿಯ ಮೊದಲ ಅಧ್ಯಾಯವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮೂರು ಸಲ ಓದಿದಳು.

ಐದನೆಯ ದಿನ ಮುಖ್ಯ ಪ್ರೋಗ್ರಾಮರ್ ಬಂದು ಹಿಂದೆ ನಿಂತ. ಸದಾ ಸೀಟಿ ಹೊಡೆಯುತ್ತಿದ್ದುದರಿಂದ ಅವನಿಗೆ ಸೀಟಿ ಎಂದೇ ಹೆಸರು. ಆಕೆ ವಾಪಸು ಕಳಿಸಿದ ಕೆಲಸದಲ್ಲಿ ಅರ್ಧಕ್ಕರ್ಧ ಅವನದೇ.

“ಯಾಕಕ್ಕ ಒದ್ದಾಡ್ತೀರಾ? ಸ್ವಲ್ಪ ಜರುಗಿ.”

ಹತ್ತು ನಿಮಿಷದಲ್ಲಿ ಎಲ್ಲ ಸರಿಪಡಿಸಿ, ಹನ್ನೆರಡು ಸಾಲಿನ ಒಂದು ಮಾದರಿಯನ್ನೂ ಬರೆದುಕೊಟ್ಟ. “ಇದನ್ನೇ ನಕಲು ಮಾಡ್ಕೊಂಡು ಹೋಗಿ. ಹೆಸರು, ಅಂಕಿ ಬದಲಾಯಿಸಿದ್ರೆ ಆಯ್ತು.”

ಮಾದರಿ ಓಡಿತು. ಬ್ರೌಸರು ತಾನೇ ತೆರೆದುಕೊಂಡಿತು. ಖಾಲಿ ಚೌಕಗಳಲ್ಲಿ ಅಕ್ಷರಗಳು ತಾವಾಗಿ ಬಿದ್ದವು. ಯಾರ ಬೆರಳೂ ಇಲ್ಲದೆ ಗುಂಡಿ ಒಳಗೆ ಹೋಯಿತು. ಕೊನೆಗೆ, ಪಾಸಾಯಿತು ಎನ್ನುವ ಒಂದು ಹಸಿರು ಗೆರೆ. ಆಕೆಗೆ ನಗು ತಡೆಯಲಾಗಲಿಲ್ಲ. ಬೇರೆ ಯಾರ ಕೆಲಸವನ್ನೂ ತಿರುಗಿಸಿ ಮುರುಗಿಸಿ ನೋಡದೆ ಒಪ್ಪಿಕೊಂಡವಳಲ್ಲ. ಇದನ್ನು ಒಪ್ಪಿಕೊಂಡಳು. ಹನ್ನೊಂದು ವರ್ಷದಲ್ಲಿ ಅವನು ಅಕ್ಕ ಎಂದದ್ದು ಅದೇ ಮೊದಲು. ಕೈಪಿಡಿಯ ಎರಡನೆಯ ಅಧ್ಯಾಯ ತೆರೆಯಲಿಲ್ಲ.

ತಿಂಗಳಿಡೀ ಬರೆದಳು. ಎಡಗೈಯಲ್ಲಿ ಊಟದ ಡಬ್ಬಿ, ಬಲಗೈ ಕೀಲಿಮಣೆಯ ಮೇಲೆ. ಹೇಳಿದ ದಿನಕ್ಕೆ ನೂರಿಪ್ಪತ್ತೂ ಮುಗಿದಿದ್ದವು. ನೂರಿಪ್ಪತ್ತೂ ಹಸಿರು.

ತೋರಿಸುವ ದಿನ ಇಡೀ ಆಫೀಸು ಮೀಟಿಂಗ್ ರೂಮಿಗೆ ಬಂತು. ಗೋಡೆಯ ಪರದೆಯ ಮೇಲೆ ಹಸಿರು ಗೆರೆಗಳು ಒಂದರ ಕೆಳಗೊಂದು ಇಳಿದವು. ಮ್ಯಾನೇಜರು “ಭೇಷ್” ಎಂದರು. ಆಗ ಸೀಟಿ ಎದ್ದ.

“ಸಾರ್, ಒಂದು ನಿಮಿಷ. ಮಗುವಿನ ತೂಕದ ಲೆಕ್ಕಾನೇ ಸಾಫ್ಟ್‌ವೇರಿಂದ ಕಿತ್ತುಹಾಕ್ತೀನಿ. ಈಗ ಓಡಿಸಿ.”

ಓಡಿಸಿದರು. ಹತ್ತು ಕಿಲೋ ಮಗುವಿನ ಚೀಟಿಯಲ್ಲಿ ದೊಡ್ಡವರ ಡೋಸು ಬಂತು. ಅದರ ಪಕ್ಕದಲ್ಲಿ ಹಸಿರು ಗೆರೆಯೂ ಬಂತು. ನೂರಿಪ್ಪತ್ತೂ ಹಸಿರು.

“ಇವು ಪುಟ ತೆರೀತವೆ, ತೂಕ ತುಂಬ್ತವೆ, ಗುಂಡಿ ಒತ್ತುತ್ತವೆ. ಬಂದ ಉತ್ತರ ಸರೀನಾ ಅಂತ ಮಾತ್ರ ಕೇಳೋದೇ ಇಲ್ಲ ಸಾರ್,” ಎಂದ ಸೀಟಿ. “ತಲೆ ಎತ್ತದೆ ಹಾಜರಿ ಹಾಕೋ ಮೇಷ್ಟ್ರ ಥರ.”

ಯಾರೋ ಮೆಲ್ಲಗೆ “ಕೊಕ್ಕೆಗೇ ಕೊಕ್ಕೆ” ಅಂದರು. ನಗು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹತ್ತಿಕೊಂಡಿತು. ಹನ್ನೊಂದು ವರ್ಷ ಆಕೆಯಿಂದ ಕೆಲಸ ವಾಪಸು ಪಡೆದವರೆಲ್ಲ ಅಲ್ಲಿದ್ದರು, ಯಾರೂ ಅವಸರದಲ್ಲಿರಲಿಲ್ಲ.

“ನೀವು ಕೊಟ್ಟ ಮಾದರಿಯಲ್ಲಿ ಆ ಸಾಲೇ ಇರ್ಲಿಲ್ಲ,” ಎಂದಳು ಆಕೆ.

“ಅದು ಶುರು ಮಾಡೋಕೆ ಕೊಟ್ಟಿದ್ದಕ್ಕ. ಉತ್ತರ ನೋಡೋದು ಎರಡನೇ ಅಧ್ಯಾಯದ ಮೊದಲನೇ ಪುಟದಲ್ಲೇ ಇದೆ. ಪುಕ್ಕಟೆ ಪುಸ್ತಕ, ಓದೋಕೆ ಯಾರೂ ಅಡ್ಡ ಬರಲ್ಲ.”

ಸುಳ್ಳಲ್ಲ. ಮ್ಯಾನೇಜರು ಆಕೆಯ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು, “ಹನ್ನೊಂದು ವರ್ಷ ನೀವು ನೋಡಿದ್ದೂ ಹೀಗೇನಾ?”

ಆ ಪ್ರಶ್ನೆಗೆ ಯಾರೂ ನಗಲಿಲ್ಲ. ನಕ್ಕಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

ಆಕೆ ಎರಡು ದಿನದ ಸಮಯ ಕೇಳಿದಳು. ಕೊಟ್ಟರು. ಎರಡನೆಯ ಅಧ್ಯಾಯ ಓದಿದಳು. ಪ್ರತಿ ಟೆಸ್ಟಿನ ಕೊನೆಗೂ ಬರಬೇಕಾದ ಉತ್ತರ ಇದು, ಬಂದದ್ದು ಇದೇನಾ ಎಂದು ಕೇಳುವ ಸಾಲು ಹಾಕಿದಳು. ಉತ್ತರಗಳಿಗೆ ಪುಸ್ತಕ ಬೇಕಾಗಲಿಲ್ಲ, ನೂರಿಪ್ಪತ್ತೂ ಬಾಯಿಗೆ ಬರುತ್ತಿದ್ದವು. ಓಡಿಸಿದಾಗ ಹದಿನೇಳು ಕೆಂಪಾದವು. ಕೈಯಲ್ಲಿ ಒಂದೊಂದನ್ನೇ ಒತ್ತಿ ನೋಡಿದಳು. ಹದಿನೇಳೂ ಸಾಫ್ಟ್‌ವೇರಿನ ನಿಜವಾದ ತಪ್ಪುಗಳು. ಆಕೆ ಸ್ಕ್ರಿಪ್ಟ್ ಬರೆಯುತ್ತ ಕುಳಿತ ಆ ತಿಂಗಳಲ್ಲಿ ಕೈಯಿಂದ ನೋಡುವವರಿಲ್ಲದೆ ಒಳಗೆ ಸೇರಿದ್ದವು. ಹದಿನಾಲ್ಕು ಸೀಟಿಯವು.

ಪಟ್ಟಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟಳು. ಅವರು ಪೂರ್ತಿ ಓದಿದರು. ಮುಖ ಅರಳಿತು.

“ಈಗ ನೋಡಿ, ಇದು ಟೆಸ್ಟ್ ಅಂದ್ರೆ. ತುಂಬಾ ಅಚ್ಚುಕಟ್ಟಾಗಿದೆ. ಇನ್ನು ಇದನ್ನ ಯಾರು ಬೇಕಾದ್ರೂ ಓಡಿಸಬಹುದು, ಅಲ್ವಾ?”

“ಹೌದು ಸಾರ್,” ಎಂದಳು ಆಕೆ, ಹೆಮ್ಮೆಯಿಂದಲೇ.

“ಹಾಗಾದ್ರೆ ಸಂಜೆಯೊಳಗೆ ಸೀಟಿಗೆ ಒಪ್ಪಿಸಿಬಿಡಿ. ಈ ತಿಂಗಳಿಗೆ ನಿಮ್ಮ ಲೆಕ್ಕ ಮುಗಿಸ್ತೀವಿ, ಕೊನೆಯವರೆಗೂ ನೀವು ಬರಬೇಕು ಅಂತೇನಿಲ್ಲ.”

ಸೀಟಿ ಆಕೆಯ ಕುರ್ಚಿಯಲ್ಲಿ ಕುಳಿತು ಪಾಸ್‌ವರ್ಡ್ ಕೇಳಿದ. ಆಕೆ ನಿಂತೇ ಹೇಳಿದಳು. ಅವನು ಎರಡು ಸಲ ತಪ್ಪಾಗಿ ಒತ್ತಿದ. ಮೂರನೆಯ ಸಲ ತಪ್ಪಿದರೆ ಖಾತೆಯ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದು ಆಕೆಗೆ ಗೊತ್ತಿತ್ತು. ಅದನ್ನು ಪರೀಕ್ಷಿಸಿದವಳೂ ಆಕೆಯೇ. ಬಗ್ಗಿ, ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಅಕ್ಷರ ತಾನೇ ಒತ್ತಿಕೊಟ್ಟಳು.